ಸೋಮವಾರ ಮಾತ್ರ ಇಷ್ಟೊಂದು ಕನಸು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕುಂದಾಪುರದ ಕಡೆ. ಮುಂಬಯಿಯ ಮಾಟುಂಗದಲ್ಲಿ ಪಾಲುದಾರಿಕೆಯ ಹೋಟೆಲು, ಮನೆ ಡೊಂಬಿವಲಿಯಲ್ಲಿ. ರಾತ್ರಿ ಮಲಗುವಾಗ 11 ಗಂಟೆ. ಬೆಳಗಿನ ಲೋಕಲ್ ಹಿಡಿಯಲು 3.45ಕ್ಕೆ ಏಳುತ್ತೇನೆ. ವಾರವೆಲ್ಲ ಕನಸೇ ಬೀಳುವುದಿಲ್ಲ. ಸೋಮವಾರ ಹೋಟೆಲಿಗೆ ರಜೆ. ಅವತ್ತು 9ರ ತನಕ ಮಲಗಿದರೆ ಒಂದರ ಹಿಂದೆ ಒಂದು ಕನಸು, ಎದ್ದ ಮೇಲೆ ತಲೆ ಭಾರ. ಮಗ ಕೊಡಿಸಿದ ಸ್ಮಾರ್ಟ್ ವಾಚು ದಿನವೂ ‘ರೆಮ್ 40 ನಿಮಿಷ’ ಅಂತ ತೋರಿಸುತ್ತದೆ. ಸೋಮವಾರ ಅದು ಎರಡು ಗಂಟೆ ದಾಟುತ್ತದೆ. ಈ ನಿದ್ದೆಯ ಲೆಕ್ಕವನ್ನು ಮಿದುಳು ಬೇರೆಯಾಗಿ ಇಟ್ಟುಕೊಳ್ಳುತ್ತದೆಯೇ? ಬಾಕಿ ಉಳಿದರೆ ಅಪಾಯವೇ? ಈಚೆಗೆ ಹೋಟೆಲಿನ ಹುಡುಗರ ಮೇಲೆ ಸುಮ್ನೆ ರೇಗುತ್ತೇನೆ. ಹೋದ ವರ್ಷದಿಂದ ಆತಂಕಕ್ಕೆ ಎಸ್ಸಿಟಲೋಪ್ರಾಮ್ ಮಾತ್ರೆ ನುಂಗುತ್ತಿದ್ದೇನೆ. ಅದು ಕನಸು ನಿಲ್ಲಿಸುತ್ತದೆ ಅಂತ ಯಾರೋ ಹೇಳಿದರು. ಬಿಟ್ಟುಬಿಡಲೇ?

ಉತ್ತರ: ಮೊದಲು ಮಾತ್ರೆಯ ವಿಷಯ. ಅದನ್ನು ನೀವಾಗಿಯೇ ಬಿಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಹೌದು. ರೆಮ್ ನಿದ್ದೆಯ, ಅಂದರೆ ಕನಸಿನ ನಿದ್ದೆಯ, ಲೆಕ್ಕವನ್ನು ಮಿದುಳು ಬೇರೆಯಾಗಿಯೇ ಇಡುತ್ತದೆ. ಒಟ್ಟು ನಿದ್ದೆಗೆ ಒಂದು ಖಾತೆ, ರೆಮ್‌ಗೆ ಇನ್ನೊಂದು ಖಾತೆ ಅಂದುಕೊಳ್ಳಿ. ಎರಡನೆಯ ಖಾತೆಯ ಬಾಕಿ ಮುಖ್ಯವಾಗಿ ವಸೂಲಾಗುವುದು ನಸುಕಿನ ಹೊತ್ತಿನಲ್ಲಿ. ನೀವು ದಿನವೂ ಕಳೆದುಕೊಳ್ಳುತ್ತಿರುವುದು ಸರಿಯಾಗಿ ಆ ಹೊತ್ತನ್ನೇ. ನಿಮ್ಮ ಕಷ್ಟದ ಬೇರು ಇರುವುದು ಇಲ್ಲಿ.

ರೆಮ್ ಅಂದರೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುವ ನಿದ್ದೆ. ಕಥೆಯಂತೆ ಸಾಗುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಇದನ್ನು ಮೊದಲು ವರದಿ ಮಾಡಿದರು. ಆ ಹೊತ್ತಿನಲ್ಲಿ ಮಿದುಳಿನ ಅಲೆಗಳು ಎಚ್ಚರದಲ್ಲಿರುವವರ ಅಲೆಗಳಂತೆಯೇ ಕಾಣುತ್ತವೆ. ಮೈ ಮಾತ್ರ ಪೂರ್ತಿ ಸಡಿಲ. ಉಸಿರಾಟದ ವಪೆ ಮತ್ತು ಕಣ್ಣಿನ ಸ್ನಾಯುಗಳನ್ನು ಬಿಟ್ಟರೆ ಉಳಿದ ಸ್ನಾಯುಗಳಿಗೆ ಹೆಚ್ಚುಕಡಿಮೆ ಬೀಗ ಬಿದ್ದಿರುತ್ತದೆ. ದೊಡ್ಡವರಲ್ಲಿ ರಾತ್ರಿಯ ನಿದ್ದೆಯ ಶೇ 20ರಿಂದ 25 ಭಾಗ ಇದೇ. ಹುಟ್ಟಿದ ಮಗುವಿನಲ್ಲಿ ಸುಮಾರು ಅರ್ಧದಷ್ಟು.

ಈ ನಿದ್ದೆಗೆ ತನ್ನದೇ ಹಸಿವು ಇದೆ ಅಂತ ಗೊತ್ತಾದದ್ದು 1960ರಲ್ಲಿ. ವಿಲಿಯಂ ಡಿಮೆಂಟ್ ಎಂಬ ಸಂಶೋಧಕ ಕೆಲವರನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ರೆಮ್ ಶುರುವಾದ ಕೂಡಲೇ ಎಬ್ಬಿಸುತ್ತಿದ್ದರು. ಬೇರೆ ನಿದ್ದೆಗೆ ಅಡ್ಡಿ ಇಲ್ಲ, ರೆಮ್ ಮಾತ್ರ ಬೇಡ. ಒಂದೊಂದು ರಾತ್ರಿ ಕಳೆದಂತೆ ಎಬ್ಬಿಸಬೇಕಾದ ಸಲಗಳು ಏರುತ್ತಲೇ ಹೋದವು. ಮಿದುಳು ಮತ್ತೆ ಮತ್ತೆ ರೆಮ್‌ಗೆ ನುಗ್ಗಲು ನೋಡುತ್ತಿತ್ತು. ಕೊನೆಗೆ ತಡೆಯಿಲ್ಲದೆ ಮಲಗಲು ಬಿಟ್ಟಾಗ ರೆಮ್‌ನ ಪಾಲು ಸುಮಾರು ಶೇ 20ರಿಂದ ಶೇ 27ರ ಹತ್ತಿರಕ್ಕೆ ಏರಿತು. ಅದೇ ಜನರನ್ನು ಅಷ್ಟೇ ಸಲ ಬೇರೆ ಹಂತದ ನಿದ್ದೆಯಿಂದ ಎಬ್ಬಿಸಿ ನೋಡಿದರು. ಆಗ ಈ ಏರಿಕೆ ಕಾಣಲಿಲ್ಲ. ಅಂದರೆ ನಿದ್ದೆ ಕೆಟ್ಟದ್ದಕ್ಕೆ ಹೀಗಾದದ್ದಲ್ಲ, ರೆಮ್ ತಪ್ಪಿದ್ದಕ್ಕೆ ಆದದ್ದು. ನಿಮ್ಮ ಸೋಮವಾರ ಬೆಳಿಗ್ಗೆ ನಡೆಯುತ್ತಿರುವುದೂ ಇದೇ. ಇದಕ್ಕೆ ನಾವು ರೆಮ್ ಮರುಕಳಿಕೆ ಅನ್ನುತ್ತೇವೆ.

ಇನ್ನು ಇದರ ಯಂತ್ರ ಎಲ್ಲಿದೆ? ಕತ್ತಿನ ಹಿಂಭಾಗದ ಮೇಲೆ, ಮಿದುಳಿನ ಕಾಂಡದಲ್ಲಿ ಪಾನ್ಸ್ ಎಂಬ ಭಾಗವಿದೆ. ಫ್ರಾನ್ಸಿನ ಲಿಯೋನ್ ನಗರದ ಮಿಷೆಲ್ ಜುವೆ 1950ರ ದಶಕದ ಕೊನೆಯಲ್ಲಿ ಬೆಕ್ಕುಗಳ ಮೇಲೆ ಕೆಲಸ ಮಾಡಿ, ರೆಮ್ ಹುಟ್ಟುವುದು ಇಲ್ಲಿಂದಲೇ ಎಂದು ತೋರಿಸಿದರು. ಪಾನ್ಸಿನ ಒಂದು ಸಣ್ಣ ಜಾಗಕ್ಕೆ ಪೆಟ್ಟಾದ ಬೆಕ್ಕುಗಳು ರೆಮ್ ಹೊತ್ತಿನಲ್ಲಿ ಸಡಿಲವಾಗಿ ಬಿದ್ದಿರುವ ಬದಲು ಎದ್ದು, ಕಾಣದ ಬೇಟೆಯ ಮೇಲೆ ಹಾರುವಂತೆ ಆಡಿದವು. ಅಲ್ಲಿ ರೆಮ್ ಶುರು ಮಾಡುವ ನರಕೋಶಗಳ ಗುಂಪು ಒಂದಿದೆ. ಅದನ್ನು ತಡೆಹಿಡಿಯುವ ಗುಂಪು ಸ್ವಲ್ಪ ಮೇಲೆ, ನಡುಮಿದುಳಿನ ಹತ್ತಿರ ಇದೆ. ಇವೆರಡೂ ಪರಸ್ಪರ ಬಾಯಿ ಮುಚ್ಚಿಸುತ್ತವೆ. ಒಂದು ಮೇಲುಗೈಯಾದರೆ ಇನ್ನೊಂದು ಪೂರ್ತಿ ಸುಮ್ಮನಾಗುತ್ತದೆ. ಅದಕ್ಕೇ ಅರ್ಧ ರೆಮ್, ಅರ್ಧ ಬೇರೆ ನಿದ್ದೆ ಅಂತ ಸಾಮಾನ್ಯವಾಗಿ ಇರುವುದಿಲ್ಲ. ಹಾರ್ವರ್ಡಿನ ಕ್ಲಿಫರ್ಡ್ ಸೇಪರ್ ಅವರ ತಂಡ 2006ರಲ್ಲಿ ಇಲಿಗಳಲ್ಲಿ ಈ ಜೋಡಿಯನ್ನು ವಿವರಿಸಿತು.

ತಡೆಯುವ ಪಕ್ಷಕ್ಕೆ ಇನ್ನಿಬ್ಬರು ಗಟ್ಟಿ ಜೊತೆಗಾರರಿದ್ದಾರೆ: ನಾರ್‌ಅಡ್ರಿನಾಲಿನ್ ಮತ್ತು ಸೆರೊಟೊನಿನ್ ಎಂಬ ಮಿದುಳಿನ ರಾಸಾಯನಿಕಗಳು. ಇವನ್ನು ಸುರಿಸುವ ಕೋಶಗಳು ಎಚ್ಚರದಲ್ಲಿ ಚುರುಕು, ಗಾಢ ನಿದ್ದೆಯಲ್ಲಿ ನಿಧಾನ, ರೆಮ್‌ನಲ್ಲಿ ಹೆಚ್ಚುಕಡಿಮೆ ಮೌನ. ಇಡೀ ದಿನದಲ್ಲಿ ಆ ಕೋಶಗಳಿಗೆ ಸಿಗುವ ನಿಜವಾದ ವಿಶ್ರಾಂತಿ ರೆಮ್ ಹೊತ್ತಿನದು ಮಾತ್ರ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಬೀರೇಂದ್ರನಾಥ ಮಲ್ಲಿಕ್ ಅವರು ವರ್ಷಗಟ್ಟಲೆ ಇದರ ಮೇಲೇ ಕೆಲಸ ಮಾಡಿದರು. ರೆಮ್ ಕಸಿದುಕೊಂಡ ಇಲಿಗಳ ಮಿದುಳಿನಲ್ಲಿ ನಾರ್‌ಅಡ್ರಿನಾಲಿನ್ ಏರುತ್ತದೆ, ನರಕೋಶಗಳ ಉದ್ರೇಕ ಹೆಚ್ಚುತ್ತದೆ ಎಂಬುದು ಅವರ ಕೆಲಸದ ತಿರುಳು. ನಿಮ್ಮ ರೇಗಾಟವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇದು. ಇಲಿಯಿಂದ ನೇರವಾಗಿ ಮನುಷ್ಯನಿಗೆ ಹಾರುವುದು ಸರಿಯಲ್ಲ, ನಿಜ. ಆದರೆ ನಿದ್ದೆ ಕಡಿಮೆಯಾದವರು ಬೇಗ ಸಿಡುಕುತ್ತಾರೆ ಎಂಬುದು ಮನುಷ್ಯರಲ್ಲೂ ಚೆನ್ನಾಗಿ ಗೊತ್ತಿರುವ ಸಂಗತಿ. ಹುಡುಗರ ಮೇಲೆ ರೇಗುವುದನ್ನು ನಿಮ್ಮ ಸ್ವಭಾವದ ದೋಷ ಅಂತ ಈಗಲೇ ಬರೆದುಕೊಳ್ಳಬೇಡಿ.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ನನಗೆ ತುಂಬ ಹಿಡಿಸುವ ಭಾಗ ಇದು.

ರೆಮ್‌ನ ಹಸಿವು ಎರಡು ಅಳತೆಯಲ್ಲಿ ಬೆಳೆಯುತ್ತದೆ. ಒಂದು, ರಾತ್ರಿಯೊಳಗಿನದು. ಸುಮಾರು 90 ನಿಮಿಷಕ್ಕೆ ಒಂದು ಸುತ್ತು: ಮೊದಲು ಬೇರೆ ಹಂತಗಳ ನಿದ್ದೆ, ಆಮೇಲೆ ರೆಮ್. 1994ರಲ್ಲಿ ಜೋಯಲ್ ಬೆನಿಂಗ್ಟನ್ ಮತ್ತು ಕ್ರೇಗ್ ಹೆಲ್ಲರ್ ಒಂದು ವಾದ ಮುಂದಿಟ್ಟರು. ರೆಮ್‌ನ ಒತ್ತಡ ಏರುವುದು ಎಚ್ಚರದಲ್ಲಿ ಅಲ್ಲ, ರೆಮ್ ಅಲ್ಲದ ನಿದ್ದೆಯಲ್ಲೇ ಎಂದು. ಇದಕ್ಕೆ ಪ್ರಾಣಿಗಳಲ್ಲಿ ಒಂದು ಒಳ್ಳೆಯ ಗುರುತಿದೆ. ಒಂದು ರೆಮ್ ಉದ್ದವಾದರೆ ಮುಂದಿನ ರೆಮ್ ಬರುವುದು ತಡ. ಚಿಕ್ಕದಾದರೆ ಮುಂದಿನದು ಬೇಗ. ಎರಡನೆಯದು ದಿನಗಳ ಮೇಲೆ ಹರಡಿದ ಹಸಿವು. ಇವತ್ತು ತಪ್ಪಿದ್ದು ನಾಳೆ, ನಾಳಿದ್ದು ವಸೂಲಾಗುತ್ತದೆ. ಎಚ್ಚರದ ಹೊತ್ತನ್ನೂ ಸೇರಿಸದೆ ಈ ಎರಡನೆಯದನ್ನು ವಿವರಿಸುವುದು ಕಷ್ಟ. ಎರಡೂ ಇವೆ ಎನ್ನುವ ಕಡೆ ನನ್ನ ಒಲವು. ನಿಮ್ಮ ವಾರದ ಲಯವನ್ನು ಎರಡೂ ಸೇರಿಯೇ ಕೆಡಿಸುತ್ತಿವೆ.

ಗಾಢ ನಿದ್ದೆಯ ಹಸಿವಿಗೆ ಅಡೆನೊಸಿನ್ ಎಂಬ ವಸ್ತು ಒಂದು ಮುಖ್ಯ ಸೂಚಕ. ಕಾಫಿ ಅದರ ಕೆಲಸಕ್ಕೆ ಅಡ್ಡ ಬಂದೇ ನಿಮ್ಮನ್ನು ಎಚ್ಚರವಾಗಿಡುವುದು. ರೆಮ್‌ಗೆ ಅಂಥ ಒಂದೇ ಒಂದು ರಾಸಾಯನಿಕ ಸಿಕ್ಕಿಲ್ಲ. ಆದರೆ ಲೆಕ್ಕ ಇಡುವ ಕೋಶಗಳ ಸುಳಿವು ಸಿಗುತ್ತಿದೆ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನ ಮುಂಭಾಗದಲ್ಲಿ, ನಿದ್ದೆಯನ್ನೂ ಮೈಬಿಸಿಯನ್ನೂ ನೋಡಿಕೊಳ್ಳುವ ಪ್ರೀಆಪ್ಟಿಕ್ ಎಂಬ ಜಾಗವಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಪ್ರಯೋಗಾಲಯದ ಸಣ್ಣ ಜಾತಿಯ ಇಲಿಗಳಲ್ಲಿ ಅಲ್ಲಿನ ಒಂದು ಗುಂಪಿನ ಕೋಶಗಳನ್ನು ಗಮನಿಸಿದರು. ರೆಮ್ ತಡೆದಷ್ಟೂ ಆ ಕೋಶಗಳ ಚಟುವಟಿಕೆ ಏರುತ್ತಿತ್ತು. ಅವನ್ನು ಸುಮ್ಮನಾಗಿಸಿದರೆ ಆಮೇಲೆ ಬರಬೇಕಾದ ಮರುಕಳಿಕೆ ತಗ್ಗುತ್ತಿತ್ತು. ಹೈಪೊಥಲಾಮಸ್‌ನ ಪಕ್ಕದ ಭಾಗದಲ್ಲಿ ಇನ್ನೆರಡು ಬಗೆಯ ಕೋಶಗಳಿವೆ. ಎಂಸಿಎಚ್ ಎಂಬ ರಾಸಾಯನಿಕ ಸುರಿಸುವ ಕೋಶಗಳು ರೆಮ್‌ಗೆ ಒತ್ತಾಸೆ. ಒರೆಕ್ಸಿನ್ ಕೋಶಗಳು ಎಚ್ಚರವನ್ನು ಗಟ್ಟಿ ಹಿಡಿದು, ರೆಮ್ ಹೊತ್ತಲ್ಲದ ಹೊತ್ತಿಗೆ ಒಳನುಗ್ಗದಂತೆ ನೋಡಿಕೊಳ್ಳುತ್ತವೆ. ಒರೆಕ್ಸಿನ್ ಕೋಶಗಳು ನಾಶವಾದವರಿಗೆ ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಬರುತ್ತದೆ. ಅವರು ಹಗಲಲ್ಲಿ ತೂಕಡಿಸಿದ ಕೆಲವೇ ನಿಮಿಷಗಳಲ್ಲಿ ರೆಮ್‌ಗೆ ಇಳಿಯುತ್ತಾರೆ.

ಹಸಿವು ಒಂದೇ ಸಾಲದು, ಗಡಿಯಾರವೂ ಒಪ್ಪಬೇಕು. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಕೂತಿರುವ ಸಣ್ಣ ಗಂಟು ದೇಹಕ್ಕೆಲ್ಲ ಹೊತ್ತು ಹೇಳುತ್ತದೆ. ಮೈಬಿಸಿ ದಿನದಲ್ಲೇ ಅತಿ ಕೆಳಗಿಳಿಯುವುದು ಸಾಮಾನ್ಯವಾಗಿ ನಾವು ಏಳುವ ಎರಡು ಗಂಟೆ ಮೊದಲು. ರೆಮ್‌ಗೆ ದಾರಿ ಅತಿ ಸಲೀಸಾಗುವುದು ಅದಾದ ಸ್ವಲ್ಪ ಹೊತ್ತಿಗೆ. 1980ರಲ್ಲಿ ಚಾರ್ಲ್ಸ್ ಸೈಸ್ಲರ್ ಮತ್ತು ಜೊತೆಗಾರರು ಹೊರಗಿನ ಬೆಳಕು, ಗಡಿಯಾರ ಎರಡೂ ತಿಳಿಯದಂತೆ ಜನರನ್ನು ಇರಿಸಿ ಇದನ್ನು ತೋರಿಸಿದರು. ಹಾಗಾಗಿ ರಾತ್ರಿಯ ಮೊದಲ ರೆಮ್ ಹತ್ತು ನಿಮಿಷವೂ ಇರುವುದಿಲ್ಲ. ಬೆಳಗಿನ ಕೊನೆಯ ರೆಮ್ ಅರ್ಧ ಗಂಟೆ ದಾಟಬಹುದು. ಗಾಢ ನಿದ್ದೆಯದು ಇದಕ್ಕೆ ತದ್ವಿರುದ್ಧ, ಅದು ರಾತ್ರಿಯ ಮೊದಲ ಭಾಗದಲ್ಲೇ ಬಹುಪಾಲು ಮುಗಿದುಬಿಡುತ್ತದೆ.

ಈಗ ನಿಮ್ಮ ರಾತ್ರಿಯನ್ನು ಇದರ ಮೇಲಿಟ್ಟು ನೋಡಿ. 11ಕ್ಕೆ ಮಲಗಿ 3.45ಕ್ಕೆ ಎದ್ದರೆ ನಿಮಗೆ ಗಾಢ ನಿದ್ದೆ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿರುತ್ತದೆ. ಅದಕ್ಕೇ ನೀವು ಇಷ್ಟು ವರ್ಷ ನಿಂತು ದುಡಿಯಲು ಆಗಿದೆ. ಆದರೆ ರೆಮ್‌ನ ಹತ್ತಿರ ಹತ್ತಿರ ಅರ್ಧ ಪಾಲು ಹೋಗಿರುತ್ತದೆ. ಎರಡೂವರೆ ಗಂಟೆ ನಿದ್ದೆ ಕಡಿಮೆಯಾಯಿತು ಅಂತ ನಿಮಗೆ ಅನ್ನಿಸುತ್ತದೆ. ರೆಮ್‌ನ ಖಾತೆಯಲ್ಲಿ, ಪಾಲಿನ ಲೆಕ್ಕದಲ್ಲಿ, ಅದಕ್ಕಿಂತ ದೊಡ್ಡ ಕಡಿತವಾಗಿದೆ. ಮುಂಬಯಿಯ ನಮ್ಮ ಹೋಟೆಲಿನವರಲ್ಲಿ ಇದು ತಲೆಮಾರಿನಿಂದ ನಡೆದುಬಂದಿದೆ. ಹಗಲು ಹೋಟೆಲು, ಸಂಜೆ ಕನ್ನಡ ರಾತ್ರಿಶಾಲೆ ಅಂತ ಬೆಳೆದ ಹಿರಿಯರು ನಿದ್ದೆಯನ್ನು ಎರಡೂ ತುದಿಯಿಂದ ಕತ್ತರಿಸಿಕೊಂಡರು. ಅದನ್ನು ನಾವು ಶ್ರಮದ ಹೆಮ್ಮೆಯಾಗಿ ಮಾತ್ರ ಹೇಳುತ್ತೇವೆ. ದೇಹ ತೆತ್ತ ಬೆಲೆಯನ್ನೂ ಹೇಳಬೇಕು ಅಂತ ನನಗೆ ಅನ್ನಿಸುತ್ತದೆ.

ವಾರವೆಲ್ಲ ನಿಮಗೆ ಕನಸು ಬೀಳುತ್ತಿಲ್ಲ ಎಂಬುದು ನಿಜವಲ್ಲ. ಬಿದ್ದಿರುತ್ತದೆ. ಕನಸು ನೆನಪಿನಲ್ಲಿ ಉಳಿಯುವುದು ರೆಮ್‌ನ ನಡುವೆ ಅಥವಾ ಅದು ಮುಗಿದ ಕೂಡಲೇ ಎಚ್ಚರವಾದರೆ. ಅಲಾರಂ ಬಡಿದು, ಸ್ನಾನ ಮುಗಿಸಿ, ಸ್ಟೇಷನ್ನಿಗೆ ಓಡುವ ಗಡಿಬಿಡಿಯಲ್ಲಿ ಅದು ಅಳಿಸಿಹೋಗುತ್ತದೆ. ಸೋಮವಾರ ಹಾಗಲ್ಲ. ಬಾಕಿಯ ಒತ್ತಡವಿದೆ, ಗಡಿಯಾರದ ಒಪ್ಪಿಗೆಯಿದೆ, ನಿದ್ದೆ ತೆಳುವಾಗಿ ಆಗಾಗ ಎಚ್ಚರವೂ ಆಗುತ್ತದೆ. ಕನಸು ಸಾಲುಗಟ್ಟುವುದು ಸಹಜ ಅಲ್ವಾ? ಇದು ರೋಗವಲ್ಲ.

ಬಾಕಿ ಉಳಿದರೆ ಅಪಾಯವೇ ಅಂತ ಕೇಳಿದ್ದೀರಿ. ಇಲ್ಲಿ ಹೆದರಿಸುವವರು ಬಹಳ ಮಂದಿ. ನಾನು ಹೆದರಿಸುವುದಿಲ್ಲ. 1960ರ ದಶಕದಲ್ಲಿ ಕನಸು ತಪ್ಪಿದರೆ ಹುಚ್ಚು ಹಿಡಿಯುತ್ತದೆ ಎಂಬ ಮಾತು ಹಬ್ಬಿತ್ತು. ಅದು ಸುಳ್ಳಾಯಿತು. ಫೆನೆಲ್ಝೀನ್ ಎಂಬ ಹಳೆಯ ಖಿನ್ನತೆಯ ಮದ್ದು ರೆಮ್ ಅನ್ನು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಬಹುತೇಕ ಅಳಿಸಿಹಾಕುತ್ತಿತ್ತು. ಆ ರೋಗಿಗಳ ಬುದ್ಧಿ ಕುಸಿಯಲಿಲ್ಲ, ಎಷ್ಟೋ ಜನರ ಮನಸ್ಸು ಹಗುರವಾಯಿತು. ಉತ್ತರದ ಸಮುದ್ರಗಳ ತುಪ್ಪುಳದ ಸೀಲ್ ಎಂಬ ಕಡಲಪ್ರಾಣಿಗಳದ್ದು ಇನ್ನೂ ಸೋಜಿಗ. ನೆಲದ ಮೇಲೆ ಅವು ನಮ್ಮಂತೆಯೇ ರೆಮ್ ನಿದ್ದೆ ಮಾಡುತ್ತವೆ. ನೀರಿನಲ್ಲಿರುವಾಗ ಅರ್ಧ ಮಿದುಳಿನಿಂದ ನಿದ್ರಿಸುತ್ತವೆ, ರೆಮ್ ದಿನಗಟ್ಟಲೆ ಹೆಚ್ಚುಕಡಿಮೆ ಇರುವುದೇ ಇಲ್ಲ. ನೆಲಕ್ಕೆ ಬಂದ ಮೇಲೆ ಅಷ್ಟೂ ಬಾಕಿಯನ್ನು ಅವು ತೀರಿಸಿಕೊಳ್ಳುವುದೂ ಇಲ್ಲ. 2018ರಲ್ಲಿ ಪ್ರಕಟವಾದ ಈ ಕೆಲಸ ನಮ್ಮ ಲೆಕ್ಕದ ಕಲ್ಪನೆಯನ್ನೇ ಸ್ವಲ್ಪ ಸಡಿಲಿಸಿತು.

ಇನ್ನೊಂದು ಕಡೆಯೂ ಇದೆ. ಶಿಕಾಗೋದ ಅಲನ್ ರೆಕ್‌ಶಾಫನ್ ಅವರ ಪ್ರಯೋಗಾಲಯದಲ್ಲಿ ರೆಮ್ ಅನ್ನು ಸತತವಾಗಿ ತಪ್ಪಿಸಿದ ಇಲಿಗಳು ವಾರಗಳಲ್ಲೇ ಸತ್ತವು. ಆ ಪ್ರಯೋಗದಲ್ಲಿ ರೆಮ್ ಕಂಡಾಗಲೆಲ್ಲ ಇಲಿಯ ಕೆಳಗಿನ ತಟ್ಟೆ ತಿರುಗಿ, ನೀರಿಗೆ ಬೀಳದಿರಲು ಅದು ನಡೆಯಲೇಬೇಕಿತ್ತು. ಆ ಒತ್ತಡದ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನ್ನ ತೀರ್ಮಾನ ಹೀಗೆ: ರೆಮ್‌ನ ಬಾಕಿ ಪೈಸೆಗೆ ಪೈಸೆ ತೀರಬೇಕಾದ ಸಾಲವಲ್ಲ. ಆದರೆ ವರ್ಷವಿಡೀ ಐದು ಗಂಟೆಗಿಂತ ಕಡಿಮೆ ನಿದ್ದೆ ಮಾಡುವುದು ಬೇರೆಯೇ ಮಾತು. ಅದು ರಕ್ತದೊತ್ತಡ, ಸಕ್ಕರೆ, ಮನಸ್ಸು ಎಲ್ಲದಕ್ಕೂ ಕೆಟ್ಟದ್ದು. ನೀವು ಚಿಂತಿಸಬೇಕಾದದ್ದು ಒಟ್ಟು ನಿದ್ದೆಯ ಬಗ್ಗೆ. ಅದು ಸರಿಯಾದರೆ ರೆಮ್ ತನ್ನ ಪಾಲು ತಾನೇ ತೆಗೆದುಕೊಳ್ಳುತ್ತದೆ.

ಮಾತ್ರೆಗೆ ಬರೋಣ. ಎಸ್ಸಿಟಲೋಪ್ರಾಮ್ ಸೆರೊಟೊನಿನ್ ಅನ್ನು ಹೆಚ್ಚಿಸುತ್ತದೆ. ಸೆರೊಟೊನಿನ್ ರೆಮ್ ತಡೆಯುವ ಪಕ್ಷದ್ದು ಅಂತ ಆಗಲೇ ಹೇಳಿದೆನಲ್ಲ. ಹಾಗಾಗಿ ಈ ಗುಂಪಿನ ಮಾತ್ರೆಗಳಲ್ಲಿ ಮೊದಲ ರೆಮ್ ತಡವಾಗಿ ಬರುತ್ತದೆ, ಒಟ್ಟು ರೆಮ್ ಸ್ವಲ್ಪ ತಗ್ಗುತ್ತದೆ. ನಿಮಗೆ ಹೇಳಿದವರ ಮಾತಿನಲ್ಲಿ ಅಷ್ಟು ಸತ್ಯವಿದೆ. ಆದರೆ ಫಕ್ಕನೆ ಬಿಟ್ಟರೆ ತಡೆದಿದ್ದ ರೆಮ್ ಒಮ್ಮೆಲೇ ನುಗ್ಗುತ್ತದೆ. ಬೆಚ್ಚಿಬೀಳುವ ಕನಸು, ತಲೆ ಸುತ್ತು, ಆತಂಕ ಎಲ್ಲ ಒಟ್ಟಿಗೆ ಬರಬಹುದು. ಆಗ ಹಳೆಯ ಕಾಯಿಲೆ ಮರಳಿತು ಅಂತ ನೀವೂ ಮನೆಯವರೂ ಗಾಬರಿಯಾಗುತ್ತೀರಿ. ಆತಂಕ ಹತೋಟಿಯಲ್ಲಿರುವುದರ ಮುಂದೆ ಕೆಲವು ನಿಮಿಷಗಳ ರೆಮ್ ನಷ್ಟ ಸಣ್ಣದು. ಮಾತ್ರೆ ರಾತ್ರಿ ನುಂಗುತ್ತಿದ್ದರೆ, ಬೆಳಿಗ್ಗೆಗೆ ಬದಲಿಸಬಹುದೇ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಮಲಗಿದಲ್ಲೇ ಕೈ ಬೀಸುವುದು, ಒದೆಯುವುದು, ಕೂಗುವುದು ಶುರುವಾಗಿದ್ದರೆ ಅದನ್ನೂ ಹೇಳಿ. ರೆಮ್‌ನಲ್ಲಿ ಸ್ನಾಯುಗಳ ಬೀಗ ಸಡಿಲವಾದ ಲಕ್ಷಣ ಅದು, ಈ ಮಾತ್ರೆಗಳಲ್ಲಿ ಕೆಲವರಿಗೆ ಹಾಗಾಗುತ್ತದೆ. ಬೇರೆ ಕಾರಣಗಳೂ ಇರಬಹುದು, ತಜ್ಞರು ನೋಡಬೇಕಾಗುತ್ತದೆ.

ವಾಚಿನ ಅಂಕಿಯನ್ನು ದಿನವೂ ನೋಡಬೇಡಿ. ನಾವು ರೆಮ್ ಗುರುತಿಸುವುದು ತಲೆ, ಕಣ್ಣಿನ ಪಕ್ಕ, ಗದ್ದ ಈ ಮೂರು ಕಡೆ ತಂತಿ ಅಂಟಿಸಿ. ವಾಚು ನಾಡಿಬಡಿತ ಮತ್ತು ಕೈಯ ಅಲುಗಾಟದಿಂದ ಊಹಿಸುತ್ತದೆ. ಒಟ್ಟು ನಿದ್ದೆಯ ಅಂದಾಜಿಗೆ ಪರವಾಗಿಲ್ಲ, ಹಂತಗಳ ವಿಷಯದಲ್ಲಿ ತಪ್ಪುಗಳು ಜಾಸ್ತಿ. ನಿಮ್ಮ 40 ನಿಮಿಷ 60 ಇರಬಹುದು, 30 ಇರಬಹುದು.

ಏನು ಮಾಡಬಹುದು? ಬೆಳಗಿನ ಲೋಕಲ್ ತಪ್ಪಿಸಲಾಗದು ಅಂತಾದರೆ ಮಲಗುವ ಹೊತ್ತನ್ನೇ ಹಿಂದಕ್ಕೆ ತರಬೇಕು. ಒಮ್ಮೆಲೇ 9ಕ್ಕೆ ಮಲಗಿದರೆ ನಿದ್ದೆ ಹತ್ತದು. ಕೆಲವು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತನ್ನಿ. ಮನೆಗೆ ಬಂದ ಮೇಲೆ ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಚ್ಚಿ, ಮೊಬೈಲು ದೂರ ಇಡಿ. ಸಂಜೆಯ ಜೋರು ಬೆಳಕು ಒಳಗಡಿಯಾರವನ್ನು ತಡ ಮಾಡುತ್ತದೆ. ಗಡಿಯಾರವೇ ಹಿಂದಕ್ಕೆ ಸರಿದರೆ ರೆಮ್‌ನ ಹೊತ್ತೂ ನಿಮ್ಮ 3.45ರ ಒಳಗೆ ಬರುತ್ತದೆ. ಪಾಲುದಾರರ ಜೊತೆ ಕೂತು, ಬೆಳಗಿನ ಗಲ್ಲಾವನ್ನು ವಾರದಲ್ಲಿ ಎರಡು ದಿನವಾದರೂ ಅವರಿಗೆ ಬಿಡಲು ಸಾಧ್ಯವೇ ನೋಡಿ. ಎಲ್ಲಕ್ಕಿಂತ ಒಳ್ಳೆಯ ಮದ್ದು ಅದೇ.

ಹಗಲು ನಿದ್ದೆಗೂ ಹೊತ್ತಿದೆ. ಹೋಟೆಲಿನವರು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಸುಮಾರಿಗೆ ಅಡ್ಡಾಗುತ್ತಾರೆ. ಆಗಿನ ನಿದ್ದೆಯಲ್ಲಿ ರೆಮ್ ಕಡಿಮೆ. ಬೆಳಗಿನ ತಿಂಡಿಯ ಗಿರಾಕಿ ಇಳಿದ ಮೇಲೆ, ಹತ್ತರ ಒಳಗೆ ಒಂದು ಗಂಟೆ ಮಲಗಲು ಜಾಗ ಸಿಕ್ಕರೆ ಅದರಲ್ಲಿ ರೆಮ್ ಜಾಸ್ತಿ. ಜಾಗ ತಂಪಾಗಿರಲಿ. ರೆಮ್ ಹೊತ್ತಿನಲ್ಲಿ ಬೆವರುವ, ನಡುಗುವ ವ್ಯವಸ್ಥೆ ಬಹಳ ಮಂದವಾಗುತ್ತದೆ, ಹಾಗಾಗಿ ಸೆಕೆ ಹೆಚ್ಚಾದರೆ ಮಿದುಳು ರೆಮ್‌ನಿಂದ ಬೇಗ ಹೊರಬರುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಮಲಗುವ ನಿಮ್ಮ ಹುಡುಗರಿಗೆ ಒಂದು ಒಳ್ಳೆಯ ಫ್ಯಾನು, ಗಾಳಿಯಾಡುವ ಕಿಟಕಿ ಇದೆಯೇ ಅಂತಲೂ ದಯವಿಟ್ಟು ನೋಡಿ. ಅವರ ರೆಮ್ ಖಾತೆಯೂ ನಿಮ್ಮದರಷ್ಟೇ ಖಾಲಿ.

ಸೋಮವಾರ 9ರ ತನಕ ಮಲಗುವ ಬದಲು ಭಾನುವಾರ ರಾತ್ರಿ ಬೇಗ ಮಲಗಿ, ಸೋಮವಾರ ಆರೂವರೆ ಏಳಕ್ಕೆ ಏಳಿ. ನಸುಕಿನ ರೆಮ್ ಅಷ್ಟರಲ್ಲೇ ಸಿಕ್ಕಿರುತ್ತದೆ. 9ರ ತನಕ ಎಳೆದರೆ ಆ ರಾತ್ರಿ ನಿದ್ದೆ ತಡ, ಮಂಗಳವಾರ ಮತ್ತೆ ಅದೇ ಪಾಡು. ಮಲಗುವ ಮುಂಚೆ ಒಂದು ಪೆಗ್ ಹಾಕುವ ಅಭ್ಯಾಸ ಇದ್ದರೆ ಬಿಡಿ. ಮದ್ಯ ರಾತ್ರಿಯ ಮೊದಲ ಭಾಗದ ರೆಮ್ ತಡೆದು ಎರಡನೆಯ ಭಾಗಕ್ಕೆ ತಳ್ಳುತ್ತದೆ, ನಿಮಗೆ ಆ ಎರಡನೆಯ ಭಾಗವೇ ಇಲ್ಲ.

ಒಂದು ವಿಷಯ ನಿಮ್ಮ ಪತ್ರದಲ್ಲಿಲ್ಲ. ನೀವು ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತು ಮತ್ತೆ ಫಕ್ಕನೆ ಶುರುವಾಗುತ್ತದೆಯೇ ಅಂತ ಮನೆಯವರನ್ನು ಕೇಳಿ. ಸೋಮವಾರ ಬೆಳಿಗ್ಗೆಯೇ ನೋಡಲು ಹೇಳಿ. ರೆಮ್‌ನಲ್ಲಿ ಗಂಟಲಿನ ಸ್ನಾಯುಗಳೂ ಸಡಿಲವಾಗುವುದರಿಂದ ಉಸಿರು ಕಟ್ಟುವುದು ಆಗಲೇ ಜಾಸ್ತಿ, ತಲೆ ಭಾರಕ್ಕೂ ಅದೇ ಕಾರಣ ಇರಬಹುದು. ಹೌದು ಅಂದರೆ ಒಂದು ರಾತ್ರಿಯ ನಿದ್ದೆ ಪರೀಕ್ಷೆ ಮಾಡಿಸಿ. ಈಗ ಮನೆಯಲ್ಲೇ ಮಾಡುವ ಸರಳ ಪರೀಕ್ಷೆಯೂ ಇದೆ.